ಬೇಸ್‌ಬಾಲ್ ಕಮಿಷನರ್ ಸಾಹೇಬರಿಗೆ ಟಿ. ನಗರದಿಂದ ಒಂದು ಬಹಿರಂಗ ಪತ್ರ

ಮೇಜರ್ ಲೀಗ್ ಬೇಸ್‌ಬಾಲ್‌ನ ಕಮಿಷನರ್ ಶ್ರೀ ರಾಬ್ ಮ್ಯಾನ್‌ಫ್ರೆಡ್ ಅವರಿಗೆ, ಚೆನ್ನೈನ ಟಿ. ನಗರದಲ್ಲಿ ಬಾಡಿಗೆ ಮನೆ ಹಿಡಿದಿರುವ ಕನ್ನಡಿಗನೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ತಾವು ನಮ್ಮ ದೇಶದ ಮೇಲೆ ಕಣ್ಣಿಟ್ಟು, ದೆಹಲಿಯಲ್ಲಿ ಕಚೇರಿ ತೆರೆದು, ಶಾಲೆ ಮಕ್ಕಳ ಕೈಗೆ ಬ್ಯಾಟು ಕೊಟ್ಟು ಕಾದು ಕೂತಿದ್ದೀರೆಂದು ತಿಳಿದು ಸಂತೋಷವಾಯಿತು. ನೂರನಲವತ್ತು ಕೋಟಿ ಜನ, ನೂರಕ್ಕೊಬ್ಬ ನೋಡಿದರೂ ಸಾಕು ಎಂಬ ಲೆಕ್ಕ ತಮ್ಮದಿರಬೇಕು. ಆ ಲೆಕ್ಕ ಹಾಕಿಕೊಂಡು ಬಂದವರಲ್ಲಿ ತಾವು ಮೊದಲಿಗರೇನಲ್ಲ. ಬಿಡುವಾದಾಗ ಮರೈಮಲೈ ನಗರದ ಕಾರ್ಖಾನೆಯ ವಿಷಯ ಫೋರ್ಡ್ ಕಂಪನಿಯವರನ್ನು ಕೇಳಿ ನೋಡಿ.

ಹಾಗೆಂದು ಅಮೆರಿಕದ ಸರಕನ್ನು ಈ ಊರು ಬೇಡವೆಂದದ್ದಿಲ್ಲ. 1840ರ ದಶಕದಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ತನ್ನ ಸೀಮೆಯ ಕೆರೆಗಳ ಹಿಮವನ್ನು ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗಿಗೆ ಹೇರಿ ಮದ್ರಾಸಿಗೆ ಕಳಿಸುತ್ತಿದ್ದ. ಅದನ್ನಿಡಲು ಕಟ್ಟಿದ ಐಸ್ ಹೌಸ್ ಮರೀನಾದ ಎದುರಿಗೆ ಇಂದಿಗೂ ವಿವೇಕಾನಂದರ್ ಇಲ್ಲಂ ಎಂಬ ಹೆಸರಿನಲ್ಲಿ ನಿಂತಿದೆ. ಬಾಸ್ಟನ್ನಿನ ಮಂಜುಗಡ್ಡೆ ಏಳು ಸಮುದ್ರ ದಾಟಿ ಮದ್ರಾಸಿನ ಬಿಸಿಲಿನಲ್ಲೂ ಗಟ್ಟಿಯಾಗಿ ಉಳಿಯಿತು. ಬಾಸ್ಟನ್ನಿನ ಆಟಕ್ಕೆ ಮಾತ್ರ ಆ ಯೋಗ ಬರಲಿಲ್ಲ.

ಅವಕಾಶ ಸಿಗಲಿಲ್ಲ ಎನ್ನುವಂತೆಯೂ ಇಲ್ಲ. ಪೆನ್ಸಿಲ್ವೇನಿಯಾದ ಹ್ಯಾರಿ ಕ್ರೋ ಬಕ್ ಎಂಬ ಮಹನೀಯರು 1920ರಲ್ಲೇ ಇಲ್ಲಿ ವೈಎಂಸಿಎ ವ್ಯಾಯಾಮ ಶಿಕ್ಷಣ ಶಾಲೆ ಕಟ್ಟಿದರು. ಅದೇ ಈಗ ನಂದನಂನಲ್ಲಿರುವ ಕಾಲೇಜು. ದಕ್ಷಿಣದ ಪಿ.ಟಿ. ಮೇಷ್ಟರುಗಳ ಸೀಟಿಗೆ ಉಸಿರು ತುಂಬಿದ್ದೇ ಆ ಅಂಗಳ. ವೈಎಂಸಿಎ ಹೊತ್ತು ತಂದ ವಾಲಿಬಾಲು ತಮಿಳುನಾಡಿನ ಹಳ್ಳಿ ಸೇರಿತು, ಬ್ಯಾಸ್ಕೆಟ್‌ಬಾಲು ಕಾಲೇಜು ಸೇರಿತು. ಬೇಸ್‌ಬಾಲು ಅನುದಾನದ ಅರ್ಜಿ ಸೇರಿತು.

ಇದು ಚೆನ್ನೈನ ಕೊಬ್ಬು ಎಂದುಕೊಳ್ಳುವ ಮೊದಲು ಮನಿಲಾವನ್ನು ನೆನೆಸಿಕೊಳ್ಳಿ. 1898ರಲ್ಲಿ ತಮ್ಮ ಪಡೆ ಫಿಲಿಪೈನ್ಸಿಗೆ ಇಳಿದಾಗ ಬ್ಯಾಟೂ ಇಳಿಯಿತು, ಶಾಲೆ ಶಾಲೆಗೆ ಆಟ ಹೋಯಿತು. 1934ರ ಡಿಸೆಂಬರಿನಲ್ಲಿ ಸಾಕ್ಷಾತ್ ಬೇಬ್ ರೂತ್ ಮತ್ತು ಲೂ ಗೆರಿಗ್ ಬಂದು ರಿಸಾಲ್ ಮೆಮೋರಿಯಲ್ ಮೈದಾನದಲ್ಲಿ ಆಡಿಹೋದರು. 1954ರಲ್ಲಿ ಮೊದಲ ಏಷ್ಯನ್ ಬೇಸ್‌ಬಾಲ್ ಚಾಂಪಿಯನ್‌ಷಿಪ್ಪನ್ನು ಫಿಲಿಪೈನ್ಸೇ ಗೆದ್ದಿತು. ಇನ್ನೇನು ಬೇಕು? ಆದರೆ ಅದೇ ವರ್ಷ ಅವರ ಬ್ಯಾಸ್ಕೆಟ್‌ಬಾಲ್ ತಂಡ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕಂಚು ತಂದಿತು, 1975ಕ್ಕೆ ವೃತ್ತಿಪರ ಲೀಗೂ ಹುಟ್ಟಿತು, ಇಂದು ಅಲ್ಲಿ ಮನೆಮಾತಾಗಿರುವುದು ಬ್ಯಾಸ್ಕೆಟ್‌ಬಾಲೇ. ನನ್ನ ಅಲ್ಪಮತಿಗೆ ತೋಚುವ ಕಾರಣ ಇಷ್ಟು: ಒಂದು ಕಬ್ಬಿಣದ ಬಳೆಯನ್ನು ಯಾವ ಕಂಬಕ್ಕೂ ಮೊಳೆ ಹೊಡೆದು ಕೂರಿಸಬಹುದು. ತಮ್ಮ ವಜ್ರಾಕಾರದ ಮೈದಾನವನ್ನು ಎಲ್ಲಿಗೆ ಮೊಳೆ ಹೊಡೆಯುವುದು? ಆಳರಸರಾಗಿ ಅರ್ಧ ಶತಮಾನ ಕೂತರೂ ಆಗದ ಕೆಲಸವನ್ನು ದೆಹಲಿಯ ಕಚೇರಿಯಿಂದ ಚೆನ್ನೈನಲ್ಲಿ ಮಾಡಿಸಲು ಹೊರಟಿದ್ದೀರಿ. ತಮ್ಮ ಧೈರ್ಯಕ್ಕೆ ಮೆಚ್ಚಿದೆ.

ಈಗ ನಮ್ಮ ಗಲ್ಲಿಗೆ ಬನ್ನಿ. ಗೋಡೆಯ ಮೇಲೆ ಇದ್ದಿಲಿನ ಮೂರು ಗೆರೆ, ಒಂದು ಟೆನಿಸ್ ಚೆಂಡು. ಒಂದು ಪುಟ ಬಿದ್ದ ಮೇಲೆ ಒಂಟಿ ಕೈಯಲ್ಲಿ ಹಿಡಿದರೂ ಔಟು. ಮಾಮಿಯ ಮನೆ ಕಾಂಪೌಂಡಿಗೆ ಬಿದ್ದರೆ ಔಟು, ಚೆಂಡು ತರುವುದೂ ಹೊಡೆದವನ ಕರ್ಮ. ಈ ಹುಡುಗರಿಗೆ ನೀವು ಬಂದು, ಒಬ್ಬೊಬ್ಬನಿಗೂ ಒಂದು ಚರ್ಮದ ಗ್ಲೌಸ್ ಬೇಕು, ಚೆಂಡು ಗೋಡೆ ದಾಟಿದರೆ ಹಬ್ಬ ಮಾಡಬೇಕು ಎನ್ನುತ್ತೀರಿ. ಗೋಡೆಯಾಚೆಯ ಮಾಮಿಯನ್ನು ತಾವು ಕಂಡಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಚೆಂಡೆಸೆಯುವ ತಮ್ಮ ಪಿಚರ್. ಇಲ್ಲಿ ಮೊಣಕೈ ಬಾಗಿಸಿ ಎಸೆಯುವವನನ್ನು ‘ಮಾಂಗಾ’ ಎಂದು ಕೂಗಿ ಓಡಿಸುತ್ತಾರೆ. ಮಾವಿನಕಾಯಿಗೆ ಕಲ್ಲು ಬೀರುವವನು ಅಂತ. ಚೆನ್ನೈನ ಅಳಿಯ ಮುತ್ತಯ್ಯ ಮುರಳೀಧರನ್ ಅವರ ಮೊಣಕೈಯನ್ನು ವಿಜ್ಞಾನಿಗಳೆಲ್ಲ ಕೋನಮಾಪಕ ಹಿಡಿದು ಅಳೆದರು, ಕೊನೆಗೆ ಐಸಿಸಿಯವರು 15 ಡಿಗ್ರಿಯವರೆಗೆ ಮಾಫಿ ಎಂದರು. ಆ ಹದಿನೈದು ಡಿಗ್ರಿಗಾಗಿ ವರ್ಷಗಟ್ಟಲೆ ಟೀ ಅಂಗಡಿಯಲ್ಲಿ ವಾದ ಮಾಡಿದವರ ಮುಂದೆ, ಇಡೀ ಕೈ ಮಡಚಿ ಬೀಸುವವನೇ ನಮ್ಮ ನಾಯಕ ಎಂದು ಯಾವ ಮುಖ ಹೊತ್ತು ಹೇಳುತ್ತೀರಿ?

ತಮ್ಮ ಪರವಾಗಿರುವ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಒಂದು ತಂಡಕ್ಕೆ ವರ್ಷಕ್ಕೆ 162 ಪಂದ್ಯ ಎಂದರೆ ಹೊರಗಿನವರು ಹೌಹಾರುತ್ತಾರಂತೆ. ನಾವು ಹಾರುವುದಿಲ್ಲ. ನಮ್ಮ ಧಾರಾವಾಹಿಗಳಲ್ಲಿ 162ನೇ ಕಂತಿಗೆ ನಿಶ್ಚಿತಾರ್ಥದ ತಾಂಬೂಲವೂ ಬದಲಾಗಿರುವುದಿಲ್ಲ.

ಪ್ರತಿಭಾಶೋಧವೂ ನಡೆದಿತ್ತು, ಬಲ್ಲೆ. 2008ರಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಸ್ಪರ್ಧೆ ನಡೆಸಿ, ಉತ್ತರಪ್ರದೇಶದ ಜಾವೆಲಿನ್ ಹುಡುಗರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲರನ್ನು ಆರಿಸಿ ಒಯ್ದರು, ಪಿಟ್ಸ್‌ಬರ್ಗ್ ಪೈರೇಟ್ಸ್ ಸಹಿ ಹಾಕಿಸಿಕೊಂಡಿತು. ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ. ರಿಂಕು ಮುಂದೆ ಕುಸ್ತಿಯ ಅಖಾಡ ಸೇರಿದರು. 2014ರಲ್ಲಿ ಸಿನಿಮಾ ಬಂತು, ಸಂಗೀತ ಎ.ಆರ್. ರೆಹಮಾನ್ ಅವರದು. ಬೇಸ್‌ಬಾಲಿಗೆ ಚೆನ್ನೈ ಈವರೆಗೆ ಕೊಟ್ಟಿರುವ ದೊಡ್ಡ ಕಾಣಿಕೆ ಆ ಹಿನ್ನೆಲೆ ಸಂಗೀತವೇ.

ಈ ನಡುವೆ ತಮ್ಮ ಹಿತ್ತಿಲಲ್ಲಿ ಏನಾಗುತ್ತಿದೆ ನೋಡಿಕೊಂಡಿರಾ? ಡಲ್ಲಾಸ್ ಬಳಿಯ ಗ್ರ್ಯಾಂಡ್ ಪ್ರೇರಿಯಲ್ಲಿ ಏರ್‌ಹಾಗ್ಸ್ ಎಂಬ ತಂಡ ಆಡುತ್ತಿದ್ದ ಬೇಸ್‌ಬಾಲ್ ಕ್ರೀಡಾಂಗಣವೊಂದಿತ್ತು. ಅದನ್ನು ಒಡೆದು ಕ್ರಿಕೆಟ್ಟಿಗೆ ಹದಮಾಡಿ, 2023ರ ಜುಲೈನಲ್ಲಿ ನಮ್ಮ ಚೆನ್ನೈನವರ ಟೆಕ್ಸಾಸ್ ಸೂಪರ್ ಕಿಂಗ್ಸ್ ಹಳದಿ ಅಂಗಿ ತೊಟ್ಟು ಗೃಹಪ್ರವೇಶ ಮಾಡಿತು. ಮರುವರ್ಷ ವಿಶ್ವಕಪ್ಪಿನಲ್ಲಿ ತಮ್ಮ ದೇಶ ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಕೆಡವಿದ್ದೂ ಅದೇ ನೆಲದಲ್ಲಿ. ಅಂದು ಮೂರು ವಿಕೆಟ್ ಕಿತ್ತ ನೊಸ್ತುಷ್ ಕೆಂಜಿಗೆ ಅಲಬಾಮಾದಲ್ಲಿ ಹುಟ್ಟಿದರೂ ಬೆಳೆದದ್ದು ಚಿಕ್ಕಮಗಳೂರಿನ ಕಡೆ. ತಾವು ಇಲ್ಲಿ ಒಂದು ಗಲ್ಲಿ ಹಿಡಿಯುವಷ್ಟರಲ್ಲಿ ನಾವು ಅಲ್ಲಿ ಒಂದು ಸ್ಟೇಡಿಯಂ ಹಿಡಿದಾಯಿತು. ಬೇಕಾದರೆ ಹೊಟ್ಟೆ ಉರಿದುಕೊಳ್ಳಿ.

ಟೀಕಿಸುವುದಷ್ಟೇ ನನ್ನ ಉದ್ದೇಶವಲ್ಲ; ಸಲಹೆಗಳೂ ಇವೆ, ಫೀಸು ಆಮೇಲೆ ಮಾತಾಡೋಣ. ಮೊದಲನೆಯದು: ಆಟವನ್ನು ನಿಯಮ ಪುಸ್ತಕದ ಸಮೇತ ತರಬೇಡಿ, ಒಬ್ಬ ಉಡುಪಿ ಹೋಟೆಲಿನವರ ಕೈಗೆ ಕೊಟ್ಟು ನಿಶ್ಚಿಂತರಾಗಿ. ಕಾರಿನಲ್ಲೇ ಕೂತು ತಿನ್ನುವ ಡ್ರೈವ್-ಇನ್ ತಮ್ಮ ದೇಶದ್ದೇ ಕಲ್ಪನೆ. ಉಡುಪಿ ಸೀಮೆಯ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ 1962ರಲ್ಲಿ ಅದನ್ನು ಕ್ಯಾಥೆಡ್ರಲ್ ರಸ್ತೆಗೆ ತಂದಾಗ ಬರ್ಗರ್ ಬಿಟ್ಟುಬಂದಿತು. ಕಾರಿನ ಕಿಟಕಿಗೆ ಸಿಕ್ಕಿಸಿದ ತಟ್ಟೆಯಲ್ಲಿ ಮಸಾಲೆ ದೋಸೆ, ಪಕ್ಕದಲ್ಲಿ ಫಿಲ್ಟರ್ ಕಾಫಿ. ಕಾರಿಲ್ಲದ ನಮ್ಮಂಥವರಿಗೂ ಒಳಗೆ ಜಾಗ! 2008ರಲ್ಲಿ ಮುಚ್ಚಿದಾಗ ಊರಿಗೆ ಊರೇ ಕೊನೆಯ ಕಾಫಿ ಕುಡಿಯಲು ನುಗ್ಗಿತು. ಅಮೆರಿಕದವರು ಬಂದು ನೋಡಿದ್ದರೆ ಇದು ಡ್ರೈವ್-ಇನ್ನೇ ಅಲ್ಲ ಎನ್ನುತ್ತಿದ್ದರು. ಅದಕ್ಕೇ ಅದು 46 ವರ್ಷ ನಡೆಯಿತು. ತಮ್ಮ ಆಟದಲ್ಲೂ ಒಂದು ಪುಟದ ಕ್ಯಾಚಿಗೆ, ಮಾಮಿಯ ಕಾಂಪೌಂಡಿಗೆ ಜಾಗ ಮಾಡಿಕೊಟ್ಟು ನೋಡಿ.

ಎರಡನೆಯದು ಇನ್ನೂ ಮುಖ್ಯ. ನಮ್ಮ ಜನಕ್ಕೆ ಆಟಕ್ಕಿಂತ ಎದುರಾಳಿ ಬೇಕು. 1934ರ ನವೆಂಬರ್ 4ರಂದು, ಬೇಬ್ ರೂತ್ ಮನಿಲಾಕ್ಕೆ ಬರುವ ಒಂದು ತಿಂಗಳ ಮುಂಚೆ, ಚೆಪಾಕಿನಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆಯಿತು: ಮದ್ರಾಸ್ ವಿರುದ್ಧ ಮೈಸೂರು. ನಮ್ಮವರು 48ಕ್ಕೆ ಔಟು, ಮತ್ತೆ 59ಕ್ಕೆ ಔಟು. ಎ.ಜಿ. ರಾಮ್ ಸಿಂಗ್ ಒಬ್ಬರೇ ಹನ್ನೊಂದು ವಿಕೆಟ್ ಕಿತ್ತರು, ಎಲ್ಲ ಒಂದೇ ದಿನದಲ್ಲಿ ಮುಗಿಯಿತು. ಆ ಉರಿ ಇನ್ನೂ ಆರಿಲ್ಲ. 2008ರಲ್ಲಿ ಗೆದ್ದ ಮೇಲೆ ಆರ್‌ಸಿಬಿ ಚೆಪಾಕಿನಲ್ಲಿ ಚೆನ್ನೈ ತಂಡದ ವಿರುದ್ಧ ಮತ್ತೆ ಗೆದ್ದದ್ದು 2025ರ ಮಾರ್ಚಿನಲ್ಲಿ. ಆ ರಾತ್ರಿ ಟಿ. ನಗರದ ಕನ್ನಡಿಗರು ಟಿವಿಯ ಸದ್ದು ಅಡಗಿಸಿ ಕುಣಿದರು, ಓನರು ಮೇಲಿನ ಮಹಡಿಯಲ್ಲಿರುತ್ತಾರೆ ನೋಡಿ. 2018ರಲ್ಲಿ ಕಾವೇರಿ ಗಲಾಟೆಗೆ ಚೆಪಾಕಿನ ಪಂದ್ಯಗಳೇ ಪುಣೆಗೆ ಎತ್ತಂಗಡಿಯಾದವು. ಅದಕ್ಕೆ ಮುನ್ನ ಗ್ಯಾಲರಿಯಿಂದ ಬೌಂಡರಿ ಗೆರೆಗೆ ಶೂಗಳು ಹಾರಿಬಂದಿದ್ದವು. ತಮ್ಮ ಕಡೆಯ ಸ್ಕೌಟ್ ಒಬ್ಬ ಅಂದು ಸ್ಟ್ಯಾಂಡಿನಲ್ಲಿದ್ದಿದ್ದರೆ ಪಿಟ್ಸ್‌ಬರ್ಗಿಗೆ ಎರಡು ಕೈಯಾದರೂ ಸಿಗುತ್ತಿದ್ದವು.

ಆದ್ದರಿಂದ ತರಬೇತಿ ಶಿಬಿರ, ಟೀ ಶರ್ಟು, ಶಾಲಾ ಯೋಜನೆ ಎಲ್ಲ ಬಿಟ್ಟು ನೇರ ಎರಡು ತಂಡ ಕಟ್ಟಿ. ಒಂದಕ್ಕೆ ಬೆಂಗಳೂರೆಂದೂ ಇನ್ನೊಂದಕ್ಕೆ ಚೆನ್ನೈ ಎಂದೂ ಹೆಸರಿಡಿ. ನಿಯಮ ಒಬ್ಬರಿಗೂ ಗೊತ್ತಿಲ್ಲದಿದ್ದರೂ ಟಿಕೆಟ್ಟು ಬ್ಲ್ಯಾಕಿನಲ್ಲಿ ಹೋಗುತ್ತದೆ. ಪಂದ್ಯವನ್ನು ಜೂನ್ ತಿಂಗಳಿಗೆ ಇಡಬೇಡಿ, ಅದು ಕಾವೇರಿಯ ಅಣೆಕಟ್ಟಿನ ಬಾಗಿಲು ತೆರೆಯುವ ಸಮಯ. ಅಂಪೈರ್ ಎರಡೂ ರಾಜ್ಯದವನಾಗುವುದು ಬೇಡ. ಕೇರಳ, ಪುದುಚೇರಿಯವನೂ ಬೇಡ. ಅವರೂ ಕಾವೇರಿ ಕಟ್ಲೆಯ ಕಕ್ಷಿದಾರರೇ. ಅವನೊಬ್ಬನನ್ನು ಅಮೆರಿಕದಿಂದಲೇ ಕಳಿಸಿಕೊಡಿ, ಹೋಗಿಬರುವ ಟಿಕೆಟ್ಟು ಮೊದಲೇ ಮಾಡಿಸಿ. ತಲೆಗೆ ಹೆಲ್ಮೆಟ್ಟೂ ಇರಲಿ.

ಇಂತಿ ತಮ್ಮ ವಿಧೇಯ,
ಟಿ. ನಗರದ ಒಬ್ಬ ಕನ್ನಡಿಗ