ಜೇಬಿಗಿಳಿದ ನಾಯಕರು

ಫ್ಲೆಕ್ಸಿಗೆ ಎರಡು ಜನ್ಮ. ಮೊದಲನೆಯದರಲ್ಲಿ ಸರ್ಕಲ್ಲಿನ ಕಂಬ ಹಿಡಿದು ನಿಂತು ಯುವನಾಯಕರಿಗೆ ಹುಟ್ಟುಹಬ್ಬದ ಶುಭಾಶಯ ಕೋರುತ್ತದೆ. ಎರಡನೆಯದರಲ್ಲಿ ಹುಲ್ಲಿನ ಮೆದೆಗೆ ಹೊದಿಕೆ, ಸೌದೆಗೆ ಮುಚ್ಚಿಗೆ, ಎಳನೀರಿನ ಗಾಡಿಗೆ ಚಾವಣಿ. ನಮ್ಮ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿತು. 2018ರ ಆಗಸ್ಟಿನಲ್ಲಿ ಹೈಕೋರ್ಟು ಗದರಿಸಿದ ಮೇಲೆ ಬೆಂಗಳೂರಿನ ಕಂಬಗಳು ಬೋಳಾದದ್ದೂ ಉಂಟು. ಆದರೆ ಹುಟ್ಟುಹಬ್ಬ ವರ್ಷವರ್ಷವೂ ಬರುವುದನ್ನು ಯಾವ ಕೋರ್ಟು ತಡೆದೀತು?

ಎಳನೀರಿನವನು ಚಾವಣಿ ಬದಲಿಸಿದ ದಿನ ಹಳೆಯದನ್ನು ನಾನು ಬೇಡಿ ತಂದೆ. ಅದಕ್ಕೆ ಮೂರನೆಯ ಜನ್ಮ ಕೊಡುವ ಹುಕಿ: ಪರ್ಸು. ಇದೇನೂ ಹೊಸ ವಿದ್ಯೆಯಲ್ಲ. ಜ್ಯೂರಿಕ್ಕಿನ ಫ್ರೈಟಾಗ್ ಸಹೋದರರು 1993ರಲ್ಲಿ ಲಾರಿಯ ಹಳೇ ಟಾರ್ಪಾಲಿನಿಂದ ಚೀಲ ಹೊಲಿಯಲು ಕೂತು ದೊಡ್ಡ ಕಂಪನಿಯನ್ನೇ ಕಟ್ಟಿದರು. ಚಿಂದಿಬಟ್ಟೆಯಲ್ಲಿ ಎಲೆಅಡಿಕೆ ಸಂಚಿ ಹೊಲಿದ ನಮ್ಮ ಅಜ್ಜಿಯರು ಅದಕ್ಕೆ ಬೆಲೆಚೀಟಿ ಅಂಟಿಸುವುದೊಂದನ್ನು ಕಲಿಯಲಿಲ್ಲ, ಅಷ್ಟೆ.

ಫ್ಲೆಕ್ಸು ಗಟ್ಟಿ ಆಸಾಮಿ. ಎರಡು ಪದರ ಪಿವಿಸಿ, ನಡುವೆ ಪಾಲಿಯೆಸ್ಟರ್ ದಾರದ ಬಲೆ, ಎಳೆದರೆ ಹರಿಯದು. ಇಸ್ತ್ರಿಪೆಟ್ಟಿಗೆ ತಾಗಿಸಿದರೆ ಮಾತ್ರ ಕರಗಿ ಪೆಟ್ಟಿಗೆಗೇ ಮೆತ್ತಿಕೊಳ್ಳುತ್ತದೆ. ಗುಂಡುಸೂಜಿಯೂ ಕೂಡದು, ಚುಚ್ಚಿದ ತೂತು ಮತ್ತೆ ಮುಚ್ಚುವುದಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ಪೇ ಸಾಕು. ಪರ್ಸಿನ ಅಳತೆಗೆ ನೋಟೇ ಆಧಾರ: ಐನೂರರ ನೋಟು ಈಗ 150 ಮಿಲಿಮೀಟರ್ ಉದ್ದ, 66 ಅಗಲ. 2016ರ ನೋಟು ರದ್ದತಿಗೆ ಮುಂಚಿನದು 167ಕ್ಕೆ 73 ಇತ್ತು. ನೋಟು ಕುಗ್ಗಿದ್ದರಿಂದ ಫ್ಲೆಕ್ಸು ಉಳಿಯಿತು. ಆರ್ಥಿಕ ಸುಧಾರಣೆಯ ಲಾಭ ನೇರವಾಗಿ ನನಗೆ ತಲುಪಿದ್ದು ಇದೊಂದೇ.

ಟೈಲರು ಮುಟ್ಟಿ ನೋಡಿ, "ನಮ್ಮ ಮಷಿನ್ನಿಗೆ ಆಗಲ್ಲ ಸಾರ್, ಚಪ್ಪಲಿ ಹೊಲಿಯೋರನ್ನ ಕೇಳಿ" ಎಂದ. ನಾನೇ ದಬ್ಬಳ ಹಿಡಿದೆ. ಮೊದಲು ತೂತು, ಆಮೇಲೆ ಮೇಣ ಹಚ್ಚಿದ ನೈಲಾನ್ ದಾರ. ಹೊಲಿಗೆ ತೀರಾ ಒತ್ತೊತ್ತಾದರೆ ಅಂಚೆಚೀಟಿಯ ಅಂಚಿನ ಹಾಗೆ ತೂತಿನ ಸಾಲಿನಲ್ಲೇ ಕಿತ್ತುಬರುತ್ತದೆ.

ಕಷ್ಟವಾದದ್ದು ಕತ್ತರಿಸುವುದು. ನಗುತ್ತಿರುವ ಮುಖಕ್ಕೆ ಕತ್ತರಿ ಇಡಲು ಯಾರಿಗಾದರೂ ಅಳುಕೇ, ಅದರಲ್ಲೂ ಕೈಮುಗಿದು ನಿಂತವರಿಗೆ. ಕೊನೆಗೆ ಮುಗಿದ ಕೈ ಕಾರ್ಡಿನ ಖಾನೆಗೆ ಹೋಯಿತು, ಮಡಿಕೆ ಸರಿಯಾಗಿ ಮೀಸೆಯ ಮೇಲೆ ಬಂತು. ಫ್ಲೆಕ್ಸು ಮಡಿಸಿದಲ್ಲಿ ಶಾಯಿ ಬಿರಿಯುತ್ತದೆ. ಯುವನಾಯಕರ ಮೀಸೆ ನನ್ನ ಜೇಬಿನಲ್ಲೇ ನರೆಯಿತು. ಇಷ್ಟು ಕಾಲ ನಮ್ಮ ಜೇಬಿನಲ್ಲಿ ಅವರ ಕೈ ಇತ್ತು ಎಂದು ಗೊಣಗುತ್ತಿದ್ದೆವು. ಈಗ ಪೂರ್ತಿ ಅವರೇ ಇದ್ದಾರೆ.

ಪರ್ಸಿನೊಳಗೆ ಏನಿದೆ ಎಂದು ಕೇಳಬೇಡಿ. ಎಳನೀರಿನವನ ಗಾಡಿಗೂ ಕ್ಯೂಆರ್ ಕೋಡ್ ಬಂದ ಮೇಲೆ ನೋಟಿಗೆ ಅಲ್ಲಿ ಕೆಲಸವಿಲ್ಲ. ದೇವಸ್ಥಾನದ ಕುಂಕುಮದ ಪೊಟ್ಟಣ, ಅಕ್ಷರ ಅಳಿಸಿಹೋದ ಮಿಕ್ಸಿ ರಿಪೇರಿ ರಸೀದಿ, ಅವಧಿ ಮುಗಿದ ಲೈಬ್ರರಿ ಕಾರ್ಡು ಇವೆ. "ದುಡ್ಡಿಲ್ಲದ ಪರ್ಸಿಗೆ ಇಷ್ಟು ಗಟ್ಟಿ ಹೊಲಿಗೆ ಯಾಕ್ರೀ?" ಎಂದಳು ಹೆಂಡತಿ. ಮಿಕ್ಸಿ ಇನ್ನೂ ರಿಪೇರಿಯವನ ಹತ್ತಿರವೇ ಇದೆ ಎನ್ನುವುದು ಆ ಮಾತಿನ ಉಳಿದರ್ಧ.

ಎದುರುಮನೆಯ ರಾಯರಿಗೆ ಮಾತ್ರ ಪರ್ಸು ತುಂಬ ಹಿಡಿಸಿತು. ಅವರು ಇನ್ನೊಂದು ಪಕ್ಷದವರು. ತಿರುಗಿಸಿ ಮುರುಗಿಸಿ ನೋಡಿ, "ನನಗೂ ಒಂದು ಹೊಲಿದುಕೊಡಿ, ಇದೇ ನಾಯಕರದ್ದೇ ಆಗಬೇಕು" ಎಂದರು. ನನಗೆ ಆಶ್ಚರ್ಯ. ರಾಯರು ದನಿ ತಗ್ಗಿಸಿ, "ನಾನು ಪರ್ಸು ಇಡೋದು ಪ್ಯಾಂಟಿನ ಹಿಂದಿನ ಜೇಬಿನಲ್ಲಿ. ಆಫೀಸಿನಲ್ಲಿ ದಿನವಿಡೀ ಕೂತೇ ಕೆಲಸ ನೋಡಿ" ಎಂದರು.