ಮೊದಲಿನ ಹಾಗಿಲ್ಲ

ನಂಜು ಕುಡಿದೂ ಬಾಯಿ ಬಿಡದ ದೇವರು ನಂಜುಂಡೇಶ್ವರ. ಆತನ ಊರಿನಲ್ಲೇ, ಆತನ ಗೋಪುರ ಕಾಣುವಷ್ಟು ದೂರದಲ್ಲೇ, ಅರ್ಧ ಲೋಟ ಕಾಫಿ ಕುಡಿದು ಮುಕ್ಕಾಲು ಗಂಟೆ ಅದರ ದೋಷ ಹೇಳುವ ಮಹಾಶಯರೊಬ್ಬರಿದ್ದಾರೆ. ಒಬ್ಬರು ಎಂದೆನೇ? ನಂಜನಗೂಡಿನ ಬಸ್ ಸ್ಟ್ಯಾಂಡ್ ಸುತ್ತಮುತ್ತಲೇ ಹತ್ತಾರು ಮಂದಿ ಸಿಕ್ಕಾರು. ತಿರುಮಕೂಡಲು ನರಸೀಪುರದಲ್ಲಿ ಇನ್ನೂ ನಾಲ್ಕು ಜನ ಹೆಚ್ಚೇ ಇರಬಹುದು. ಈ ಇಡೀ ಬಳಗಕ್ಕೆ ಸೇರಿಸಿ ನಾನಿಟ್ಟಿರುವ ಹೆಸರು ರುಚಿಯಣ್ಣ. ನಿಮ್ಮೂರಿನಲ್ಲಿ ಹೆಸರು ಬೇರೆ ಇದ್ದೀತು, ನಾಲಗೆ ಅದೇ.

ರುಚಿಯಣ್ಣ ಹೋಟ್ಲಿಗೆ ಒಬ್ಬರೇ ಹೋಗುವುದಿಲ್ಲ. ಒಬ್ಬರೇ ಹೋಗಿ ತಿಂದರೆ ಅದು ಬರೀ ತಿಂಡಿ. ನಾಲ್ಕು ಜನರನ್ನು ಕಟ್ಟಿಕೊಂಡು ಹೋದರೆ ‘ಪ್ರೋಗ್ರಾಂ’. ಭಾನುವಾರ ಬೆಳಗ್ಗೆ ಆರೂವರೆಗೆ ಫೋನು ಬಡಿದುಕೊಳ್ಳುತ್ತದೆ.

“ಎದ್ರಾ ಮೇಷ್ಟ್ರೇ? ಬಾಯಿಗೆ ಏನೂ ಹಾಕ್ಕೋಬೇಡಿ. ಒಂದು ಪ್ರೋಗ್ರಾಂ ಅದೆ.”

ರಿಟೈರಾದ ಮೇಷ್ಟ್ರು, ಗೊಬ್ಬರದ ಅಂಗಡಿ ಸಾಹುಕಾರರು, ಎಲ್‌ಐಸಿ ಏಜೆಂಟರು, ನಾನು, ನಮ್ಮನ್ನೆಲ್ಲ ಒಟ್ಟುಗೂಡಿಸಿ ಕಾರು ಹೊರಡುವ ಹೊತ್ತಿಗೆ ಎಂಟೂವರೆ. ಏಜೆಂಟರಿಗೆ ಅಷ್ಟರಲ್ಲಿ ಶುಗರ್ ಇಳಿದು ಕೈ ನಡುಗುತ್ತಿರುತ್ತದೆ. “ಹಸಿದಷ್ಟೂ ನಾಲಗೆ ಚುರುಕು” ಎನ್ನುತ್ತಾರೆ ರುಚಿಯಣ್ಣ.

ಹೋಟ್ಲಿನೊಳಗೆ ಕಾಲಿಟ್ಟೊಡನೆ ಕೂರುವ ಪದ್ಧತಿ ಅವರಲ್ಲಿಲ್ಲ. ಕೈ ತೊಳೆಯುವ ನೆಪದಲ್ಲಿ ನೇರ ಅಡುಗೆಮನೆಯ ಬಾಗಿಲಿಗೆ ಹೋಗುತ್ತಾರೆ. ಕಾವಲಿಯ ಮೇಲೆ ನೀರು ಚಿಮುಕಿಸಿ, ಚೊಯ್ ಎಂದ ಮೇಲೆ ಕಡ್ಡಿಪೊರಕೆಯಲ್ಲಿ ಗುಡಿಸಿ, ಹಿಟ್ಟು ಹುಯ್ದು ಬಟ್ಟಲ ತಳದಿಂದ ಸುತ್ತ ತಿರುವುವ ಭಟ್ಟರ ಕೈಯನ್ನೇ ನೋಡುತ್ತಾ ನಿಲ್ಲುತ್ತಾರೆ. ಭಟ್ಟರು ತಲೆ ಎತ್ತಿದರೆ, “ಕಾವು ಜಾಸ್ತಿ ಆಯ್ತೇನೋ ಭಟ್ರೇ” ಎಂದು ಸಣ್ಣಗೆ ಕೆಮ್ಮುತ್ತಾರೆ. ಮೂವತ್ತು ವರ್ಷದಿಂದ ಕಾವಲಿ ಮುಂದೆ ನಿಂತು ಮುಂಗೈ ಕೂದಲೆಲ್ಲ ಸುಟ್ಟುಕೊಂಡ ಆ ಭಟ್ಟರು ಏನೂ ಹೇಳುವುದಿಲ್ಲ. ಇನ್ನೊಂದು ಹಿಡಿ ನೀರು ಚಿಮುಕಿಸುತ್ತಾರೆ, ಸ್ವಲ್ಪ ಬಾಗಿಲ ಕಡೆಗೇ ಹಾರುವ ಹಾಗೆ.

ಆಮೇಲೆ ಆರ್ಡರು. ಯಾರು ಏನು ತಿನ್ನಬೇಕೆಂಬುದು ತಿನ್ನುವವರ ಇಷ್ಟವಲ್ಲ.

“ಇಲ್ಲಿ ಮಸಾಲೆ ದೋಸೆ ಹೇಳಬಾರದು, ಇಡ್ಲಿ. ಇಡ್ಲಿಗೆ ಸಾಂಬಾರ್ ಹಾಕಿಸ್ಕೋಬಾರದು, ಚಟ್ನಿ. ವಡೆ ಬೇಡ, ನಿನ್ನೇದು.”

“ನಿನ್ನೇದಲ್ಲ ಸಾರ್, ಈಗ ಕರೆದಿದ್ದು” ಎನ್ನುತ್ತಾನೆ ಸಪ್ಲೈಯರ್ ಹುಡುಗ.

“ಹಿಟ್ಟು ನಿನ್ನೇದು ಕಣಪ್ಪಾ.”

ಸಾಹುಕಾರರಿಗೆ ಚೌಚೌ ಬಾತ್ ಎಂದರೆ ಪ್ರಾಣ. ಖಾರಾಬಾತ್ ಒಂದು ಕಡೆ, ಕೇಸರಿಬಾತ್ ಒಂದು ಕಡೆ, ನಡುವೆ ತುಪ್ಪದ ಗಡಿ. “ಚೌ...” ಎಂದು ಬಾಯಿ ತೆಗೆಯುವಷ್ಟರಲ್ಲಿ ರುಚಿಯಣ್ಣ ಕಣ್ಣು ಬಿಡುತ್ತಾರೆ. ಆ ಪ್ಲೇಟು ಸಾಹುಕಾರರ ಮುಂದೆ ಭಾನುವಾರ ಬಂದದ್ದನ್ನು ನಾನು ಕಂಡಿಲ್ಲ. ಸೋಮವಾರ ಅಂಗಡಿ ತೆಗೆಯುವ ಮುನ್ನ ಅವರೊಬ್ಬರೇ ಬಂದು ಎರಡು ಪ್ಲೇಟು ತಿಂದು ಹೋಗುತ್ತಾರೆಂದು ಆ ಹುಡುಗನೇ ಗುಟ್ಟಾಗಿ ಹೇಳಿದ.

ಕಾಫಿಯದು ಲೆಕ್ಕಶಾಸ್ತ್ರ. “ಮೂರರಲ್ಲಿ ಐದು. ಒಂದಕ್ಕೆ ಸಕ್ಕರೆ ಬೇಡ, ಒಂದು ಸ್ಟ್ರಾಂಗು, ಮೇಷ್ಟ್ರದ್ದಕ್ಕೆ ಹಾಲು ಮುಂದೆ, ನನಗೆ ಡಿಕಾಕ್ಷನ್ ಬೇರೆ ಲೋಟದಲ್ಲಿ.” ಹುಡುಗ ಎಲ್ಲಕ್ಕೂ ತಲೆಯಾಡಿಸಿ, ಒಳಕ್ಕೆ ತಿರುಗಿ “ಮೂರರಲ್ಲೈದೂ...” ಎಂದಷ್ಟೇ ಕೂಗುತ್ತಾನೆ. ಐದೂ ಒಂದೇ ಥರ ಬರುತ್ತವೆ. ಏಜೆಂಟರು ಸಕ್ಕರೆ ಇದ್ದದ್ದನ್ನೇ ಕುಡಿದು ಬದುಕಿಕೊಳ್ಳುತ್ತಾರೆ. ರುಚಿಯಣ್ಣ ಮಾತ್ರ ಲೋಟದ ಅಂಚನ್ನು ಮೂಗಿಗೆ ತಂದು, ಕಣ್ಣು ಮುಚ್ಚಿ, “ಚಿಕೋರಿ” ಎನ್ನುತ್ತಾರೆ, ಕಳ್ಳನ ಹೆಸರು ಹೇಳಿದ ಹಾಗೆ. ಅವರು ಫಿಲ್ಟರ್ ಕಾಫಿಯ ಕಟ್ಟಾಭಿಮಾನಿ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ನೆಸ್ಲೆಯವರ ಕಾರ್ಖಾನೆ ಇದೆ. ಅಲ್ಲಿ ತಯಾರಾದ ದಿಢೀರ್ ಕಾಫಿಪುಡಿ ಎಲ್ಲೆಲ್ಲಿಗೋ ಹೋಗುತ್ತದೆ. “ಜನ ಏನಾದ್ರೂ ಕುಡೀಲಿ, ನಮ್ಮನೆ ಹೊಸಲು ದಾಟಿಸಲ್ಲ” ಎಂಬುದು ಅವರ ಘೋಷಣೆ. ಅವರ ಮನೆಯ ಅಡುಗೆಕಟ್ಟೆಯ ಮೇಲೆ ಆ ಪುಡಿಯ ಬಾಟಲಿ ಕಂಡವನು ನಾನು. ಮನೆಯವರು ಬೆಳಗ್ಗೆ ಗಡಿಬಿಡಿಯಲ್ಲಿ ಅದನ್ನೇ ಕಲಕಿ ಕೊಡುತ್ತಾರೆ. ಇವರು ಕುಡಿದು ಪೇಪರ್ ಓದುತ್ತಾರೆ.

ನರಸೀಪುರದ ಗುಂಜಾ ನರಸಿಂಹಸ್ವಾಮಿಯ ವಿಷಯ ನಿಮಗೆ ಗೊತ್ತಲ್ಲ, ಆ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಪ್ರತೀತಿ. ರುಚಿಯಣ್ಣ ಆ ತೂಕವನ್ನು ಅಡುಗೆಗೆ ತಂದಿದ್ದಾರೆ. “ಚಟ್ನಿಗೆ ಒಂದು ಗುಲಗಂಜಿ ಉಪ್ಪು ಕಮ್ಮಿ.” “ಸಾಗುಗೆ ಒಂದು ಗುಲಗಂಜಿ ಚಕ್ಕೆ ಜಾಸ್ತಿ.” ಸರಿಯಾಗಿದೆ ಎಂದು ತೂಗಿದ್ದನ್ನು ಕೇಳಿದವರಿಲ್ಲ. ಮತ್ತೆ ಎಲ್ಲಕ್ಕೂ ಕೊನೆಗೆ ಒಂದು ಮುದ್ರೆ: “ಮೊದಲಿನ ಹಾಗಿಲ್ಲ.” ನಂಜನಗೂಡಿನ ಹೊಳೆಗೆ 1735ರಲ್ಲಿ ಕಟ್ಟಿದ ಸೇತುವೆ ಇನ್ನೂ ಗಟ್ಟಿಯಾಗಿ ನಿಂತಿರುವಾಗ, ಅವರು ಕಾಲೇಜು ಹುಡುಗನಾಗಿದ್ದಾಗ ತಿಂದ ಸಾಗು ಯಾಕೆ ನಿಲ್ಲಬಾರದಿತ್ತು ಎಂಬುದು ಅವರ ವಾದ.

ಮೊದಲು ಎಂದರೆ ಯಾವಾಗ ಎಂದು ಮೇಷ್ಟ್ರು ಒಮ್ಮೆ ಕೇಳಿಬಿಟ್ಟರು, ಇತಿಹಾಸದ ಮೇಷ್ಟ್ರು ಪಾಪ. “ಈ ಭಟ್ಟರ ತಂದೆ ಇದ್ದಾಗ.” ತಂದೆಯವರಿದ್ದಾಗಲೂ ಇದೇ ಮಾತು ಹೇಳುತ್ತಿದ್ದಿರಲ್ಲ ಎಂದರೆ, “ಆಗಲೇ ಕೆಡೋಕೆ ಶುರುವಾಗಿತ್ತು” ಎಂದರು.

ಕಾಲ ಒಂದು ಕಡೆ ಇರಲಿ, ಊರಿನದೂ ಇದೇ ಕಥೆ. ನಂಜನಗೂಡಿನಲ್ಲಿ ಕೂತು ತಿನ್ನುವಾಗ ಇಡ್ಲಿ ಅಂದರೆ ನರಸೀಪುರದ್ದು. ಅವರ ಮಾತು ನಂಬಿ, ಮುಂದಿನ ಭಾನುವಾರ ಸುತ್ತೂರಿನ ದಾರಿ ಹಿಡಿದು ನರಸೀಪುರಕ್ಕೆ ಹೋದೆವು. ಅಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತದೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ತ್ರಿವೇಣಿ ಸಂಗಮ ಎನಿಸಿದೆ, ಮೂರು ವರ್ಷಕ್ಕೊಮ್ಮೆ ಕುಂಭಮೇಳವಾಗುತ್ತದೆ. ಇದ್ಯಾವುದಕ್ಕೂ ನಮಗೆ ಬಿಡುವಿರಲಿಲ್ಲ. ಹೋಟ್ಲಿನಲ್ಲಿ ಬಿಸಿ ಇಡ್ಲಿ ಬಂತು, ಮುಟ್ಟಿದರೆ ಬಿರಿಯುವಂಥದ್ದು. ನಾವೆಲ್ಲ ಹೂಂ ಎನ್ನುವಷ್ಟರಲ್ಲಿ ರುಚಿಯಣ್ಣ ಒಂದು ಚೂರು ಮುರಿದು ಬೆಳಕಿಗೆ ಹಿಡಿದರು.

“ನಂಜನಗೂಡಲ್ಲಿ ಹಿಂಗೆ ಕೊಟ್ರೆ ಜನ ಸುಮ್ನಿರ್ತಾರಾ?”

ನಾವು ಸುಮ್ಮನಿದ್ದು ತಿಂದೆವು.

ಈ ಎರಡು ಊರುಗಳನ್ನೂ ಪೋಣಿಸಿರುವ ರಾಷ್ಟ್ರೀಯ ಹೆದ್ದಾರಿಯೊಂದಿದೆ, ನಂಬರು 766. ಕೋಯಿಕ್ಕೋಡಿನಿಂದ ಹೊರಟು ಸುಲ್ತಾನ್ ಬತ್ತೇರಿ, ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ನರಸೀಪುರ ದಾಟಿ ಕೊಳ್ಳೇಗಾಲದಲ್ಲಿ ಮುಗಿಯುತ್ತದೆ. ಬಂಡೀಪುರದ ಕಾಡಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಸಾಮಾನ್ಯ ವಾಹನಗಳಿಗೆ ರಸ್ತೆ ಬಂದ್ ಆದ್ದರಿಂದ, ಆ ಕಡೆ ಹೋಗುವ ಕೇರಳದ ಗಾಡಿಗಳವರು ಊಟತಿಂಡಿಯನ್ನು ಗಡಿಯಾರ ನೋಡಿಕೊಂಡೇ ಮುಗಿಸಬೇಕು. ಅವರಿಗಾಗಿ ಹುಟ್ಟಿಕೊಂಡ ಪರೋಟದ ಹೋಟ್ಲುಗಳಿಗೆ ಈಗ ನಮ್ಮವರೇ ಹೆಚ್ಚು ನುಗ್ಗುತ್ತಾರೆ. ರುಚಿಯಣ್ಣ ನಮ್ಮನ್ನು ಅಲ್ಲಿಗೂ ಕರೆದೊಯ್ದರು. ಮಾಸ್ತರ್ ಪರೋಟವನ್ನು ಎರಡೂ ಅಂಗೈಗಳ ನಡುವೆ ಚಪ್ಪಾಳೆ ತಟ್ಟಿ ಪದರ ಬಿಡಿಸಿದರೆ, “ತಟ್ಟೋ ಸದ್ದು ಸರಿಯಿಲ್ಲ” ಎಂದರು. ಊಟದ ಮೇಲೆ ನಿಂಬೆ ಹಿಂಡಿದ ಸುಲೈಮಾನಿ, ಅಂದರೆ ಹಾಲಿಲ್ಲದ ಟೀ, ಬಂತು. “ಹಾಲು ಹಾಕೋದು ಮರೆತವ್ನೆ. ನೆನಪು ಮಾಡಿದ್ರೆ ನೊಂದ್ಕೋತಾನೆ, ಕುಡೀರಿ” ಎಂದರು. ನಾವು ಹಲ್ಲು ಕಚ್ಚಿ ನಗು ತಡೆದೆವು. ಹುಡುಗ ಮಲಯಾಳಿಯೂ ಅಲ್ಲ, ಅಸ್ಸಾಮಿನವನು.

ಹಳ್ಳಿಯ ಸೊಗಡಿನ ಹೋಟ್ಲುಗಳೆಂದರೆ ಅವರಿಗೆ ಇನ್ನೂ ಖುಷಿ, ಬಯ್ಯಲು ಜಾಗ ಜಾಸ್ತಿ. ಹೆದ್ದಾರಿ ಬದಿಯಲ್ಲಿ ಇವು ಸಾಲಾಗಿ ಎದ್ದಿವೆ. ಬಾಗಿಲಲ್ಲಿ ಎತ್ತಿನಗಾಡಿಯ ಚಕ್ರ, ಸೂರಿನಲ್ಲಿ ಲಾಟೀನು, ಮೂಲೆಯಲ್ಲಿ ಬೀಸುವ ಕಲ್ಲು, ಒನಕೆ, ಗೋಡೆಗೆ ಮೊರ. ಮಣ್ಣಿನ ಕುಡಿಕೆಯನ್ನು ಕೆಂಡದಲ್ಲಿ ಕಾಯಿಸಿ ಅದರೊಳಕ್ಕೆ ಟೀ ಸುರಿದು ಉಕ್ಕಿಸಿ ಕೊಡುತ್ತಾರೆ. ಬೆಲ್ಲದ ಟೀ, ಶುಂಠಿ ಟೀ, ಮಸಾಲೆ ಟೀ ಎಂದು ಬೋರ್ಡು ತುಂಬ ಹೆಸರುಗಳು. ಹುಡುಗ ಹುಡುಗಿಯರು ಬೀಸುವ ಕಲ್ಲಿನ ಪಕ್ಕ ಕೂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ರುಚಿಯಣ್ಣ ಆ ಕಲ್ಲಿನ ಗೂಟ ಹಿಡಿದು ಅಲ್ಲಾಡಿಸಿ ನೋಡಿ, “ಇದನ್ನ ಬೀಸಿ ಬೀಸಿ ನಮ್ಮವ್ವನ ರಟ್ಟೆ ಬಿದ್ದೋಯ್ತು. ಹಿತ್ಲಿಗೆ ಎಸೆದ ದಿನ ಊರಿಗೆಲ್ಲ ಪಾಯಸ ಮಾಡಿದ್ಲು. ಈಗ ಅದನ್ನ ನೋಡ್ಕೊಂಡು ಟೀ ಕುಡಿಯಕ್ಕೆ ನಲವತ್ತು ರೂಪಾಯಿ” ಎಂದರು. ಅವರ ಮಾತುಗಳಲ್ಲಿ ನಾನು ಪೂರಾ ಒಪ್ಪುವಂಥದ್ದು ಇದೊಂದು. ಆ ಟೀ ಕೂಡ ಟೀಗಿಂತ ಕುಂಬಾರನ ಒಲೆಯ ವಾಸನೆಯನ್ನೇ ಹೆಚ್ಚು ಕೊಡುತ್ತಿತ್ತು.

ಬಾಡೂಟದ ಪ್ರೋಗ್ರಾಂ ಇದ್ದ ದಿನ ಮೇಷ್ಟ್ರು ಕಾರಿನಲ್ಲೇ ಉಳಿಯುತ್ತಾರೆ, ಮಜ್ಜಿಗೆ ಪ್ಯಾಕೆಟ್ಟು ಹಿಡಿದುಕೊಂಡು. ಬನ್ನೂರು ನರಸೀಪುರ ತಾಲ್ಲೂಕಿನಲ್ಲೇ ಇದೆ, ಬನ್ನೂರು ಕುರಿಯ ಹೆಸರು ಕೇಳದ ಬಾಡುಪ್ರಿಯರಿಲ್ಲ. ಮಿಲ್ಟ್ರಿ ಹೋಟ್ಲಿನಲ್ಲಿ ಮುದ್ದೆಯ ಗುಳಿಗೆ ಸಾರು ಬಿದ್ದ ಕೂಡಲೇ ರುಚಿಯಣ್ಣ ಕುರಿಯ ವಂಶಾವಳಿ ವಿಚಾರಿಸುತ್ತಾರೆ. “ಬನ್ನೂರು ಕುರೀನೇನಪ್ಪಾ?” “ಹೂಂ ಸಾಮಿ.” “ಬನ್ನೂರಿಗೆ ಹೋಗಿ ಬಂದಿರೋ ಕುರಿ ಇರ್ಬೇಕು” ಎಂದು ಮೂಳೆ ಚೀಪುತ್ತಾರೆ. ಸಂಜೆಗೆ ಗಾಡಿ ಮೇಲಿನ ಗೋಬಿ ಮಂಚೂರಿಯೂ ಬಿಟ್ಟಿಲ್ಲ. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಕೂಡದೆಂದು ಆದೇಶ ಮಾಡಿತಲ್ಲ, ಅಲ್ಲಿಯವರೆಗೂ “ಬಣ್ಣ ತಿನ್ನಿಸಿ ಸಾಯಿಸ್ತಾರೆ” ಎನ್ನುತ್ತಿದ್ದವರು, ಆದೇಶದ ಮರುವಾರ ಪೇಲವ ಗೋಬಿಯನ್ನು ಕಡ್ಡಿಯಲ್ಲಿ ಚುಚ್ಚಿ ಎತ್ತಿ ಹೇಳಿದ್ದು ಏನೆಂದು ನೀವೇ ಊಹಿಸಿ.

ಒಂದೇ ಒಂದು ವಿಷಯದಲ್ಲಿ ಅವರ ಮುದ್ರೆ ಸತ್ಯ: ನಂಜನಗೂಡು ರಸಬಾಳೆ. ಸೊರಗು ರೋಗ ಬಡಿದು ತೋಟಗಳು ಕರಗಿದವು, ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದರೂ ಹಣ್ಣು ಸಿಗುವುದು ಅಪರೂಪವಾಯಿತು. ರಸಬಾಳೆ ನಿಜವಾಗಿಯೂ ಮೊದಲಿನ ಹಾಗಿಲ್ಲ. ಆದರೆ ದೇವಸ್ಥಾನದ ಬೀದಿಯಲ್ಲಿ ಯಾರಾದರೂ ಒಂದು ಚಿಪ್ಪು ಇಟ್ಟುಕೊಂಡು ಕೂತಿದ್ದರೆ, ರುಚಿಯಣ್ಣ ಹೇಳಿದ ಬೆಲೆ ಕೊಟ್ಟು ಕೊಂಡು, ಸಿಪ್ಪೆ ಸುಲಿದು, ಒಂದು ಮಾತೂ ಆಡದೆ ತಿನ್ನುತ್ತಾರೆ.

ಸುತ್ತೂರು ಜಾತ್ರೆಯಲ್ಲೂ ಹಾಗೆಯೇ. ದಾಸೋಹದ ಪಂಕ್ತಿಯಲ್ಲಿ ಸಾವಿರಾರು ಜನರ ನಡುವೆ ಕೂತು, ಹಾಕಿದ ಅನ್ನ ಹಾಕಿದ ಸಾರು ಪೂರಾ ಉಂಡು ಏಳುತ್ತಾರೆ. ಉಪ್ಪು ಹೆಚ್ಚೋ ಕಮ್ಮಿಯೋ, ಪ್ರಸಾದಕ್ಕೆ ಹೆಸರಿಡಬಾರದು. ಮನೆಯ ಸಂಗತಿ ಮೊದಲೇ ಹೇಳಿದೆ. ಆಫೀಸಿನಲ್ಲಿ ಮೂವತ್ತು ವರ್ಷ ಸಾಹೇಬರು ಕೊಟ್ಟದ್ದನ್ನು ನುಂಗಿದರು. ಹೆಸರಿಡಲು ಲೋಕದಲ್ಲಿ ಅವರಿಗೆ ಉಳಿದಿರುವ ಜಾಗ ಹೋಟ್ಲು ಒಂದೇ. ಅಲ್ಲಿ ಎಲ್ಲರೂ “ಸಾರ್, ಏನ್ ಕೊಡ್ಲಿ” ಎಂದು ಬಗ್ಗುತ್ತಾರೆ. ದೋಸೆಗೆ ಎಂಬತ್ತು ರೂಪಾಯಿ ಆಗಿದೆ ಎಂದು ಗೊಣಗುತ್ತಾರಲ್ಲ, ಅದರಲ್ಲಿ ದೋಸೆಯ ಪಾಲು ಮೂವತ್ತು, ದೂರುವ ಹಕ್ಕಿನ ಪಾಲು ಐವತ್ತು ಎಂದು ನನ್ನ ಲೆಕ್ಕ. ಹಾಗೆ ನೋಡಿದರೆ ದುಬಾರಿಯೇನಲ್ಲ.

ಇಷ್ಟೆಲ್ಲ ಅನುಭವಿಸಿಯೂ ನಾವೇಕೆ ಹೋಗುತ್ತೇವೆ ಎಂದು ಕೇಳುತ್ತೀರಿ. ಬಿಲ್ಲನ್ನು ರುಚಿಯಣ್ಣನೇ ಕೊಡುತ್ತಾರೆ. ಎಲ್ಲ ಸಲ, ಪೂರಾ. ನಮ್ಮ ಕೈ ಜೇಬಿಗೆ ಹೋಗುವ ಮೊದಲೇ ಗಲ್ಲಾದ ಪೆಟ್ಟಿಗೆಯಿಂದ ಹಣ ಬಂದ ಘೋಷಣೆ ಕೇಳಿಸುತ್ತದೆ. ಬಿಲ್ ಹಂಚಿಕೊಂಡಿದ್ದರೆ ಜಗಳವಾಡಿ ಚೌಚೌ ಬಾತ್ ತರಿಸಿಕೊಳ್ಳಬಹುದಿತ್ತು. ಅನ್ನದ ಋಣ ಬಾಯಿ ಕಟ್ಟಿಹಾಕಿದೆ. ಇನ್ನೊಂದು ಸಂಗತಿ: ಕಳೆದ ಮಳೆಗಾಲದಲ್ಲಿ ಜ್ವರ ಬಂದು ಅವರು ಮನೆಯಲ್ಲಿ ಮಲಗಿದ ಭಾನುವಾರ, ನಾವು ನಾಲ್ವರೇ ಹೋದೆವು. ಸಾಹುಕಾರರು ಚೌಚೌ ಬಾತ್ ತರಿಸಿ ಎರಡು ಚಮಚ ತಿಂದು, ಗೋಡೆ ನೋಡುತ್ತಾ ಕೂತರು. ಹತ್ತು ನಿಮಿಷದಲ್ಲಿ ತಿಂಡಿ ಮುಗಿದುಹೋಯಿತು. ಕಾವಲಿಯ ಮುಂದಿನಿಂದ ಭಟ್ಟರೇ ಇಣುಕಿ ನೋಡಿ, “ಎಲ್ಲಿ, ಅವರು ಬರಲಿಲ್ವಾ?” ಎಂದು ಕೇಳಿದರು.

ನಿಮಗೂ ಇಂಥ ರುಚಿಯಣ್ಣನ ಫೋನು ಬಂದರೆ ಇಲ್ಲವೆನ್ನಬೇಡಿ. ಏನೂ ತಿನ್ನಬೇಡಿ ಎಂಬ ಅವರ ಮಾತನ್ನು ಮಾತ್ರ ಕೇಳಬೇಡಿ, ಮನೆಯಲ್ಲಿ ಎರಡು ಇಡ್ಲಿ ತಿಂದೇ ಹೊರಡಿ. ಹೋಟ್ಲಿನಲ್ಲಿ ಹೇಗಿದೆ ಎಂದು ಅವರು ಕೇಳಿದಾಗ ಚೆನ್ನಾಗಿದೆ ಎಂದೀರಿ ಜೋಕೆ, ಮಧ್ಯಾಹ್ನದವರೆಗೂ ಬಿಡುವುದಿಲ್ಲ.