ಸೆಮಿ ಆಟೊಮ್ಯಾಟಿಕ್ ಸಂಸಾರ

ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿದ್ದ ಗಂಡಸರ ಕಷ್ಟ ಏನೆಂದು ನಿಮಗೂ ಗೊತ್ತಿರಬೇಕು. ಮೈಸೂರಿನಲ್ಲಿ .22 ರೈಫಲ್ಲಿನಿಂದ ನಾನು ಹೊಡೆದದ್ದು ಒಟ್ಟು ಐದು ಗುಂಡು. ಆ ಐದರ ಮೇಲೆ ಬಿಟ್ಟ ಬುರುಡೆ ಐದು ಸಾವಿರವಾದರೂ ಇದ್ದೀತು. ಡಲ್ಲಾಸ್ ಸುತ್ತಮುತ್ತ ಯಾವ ಕನ್ನಡಿಗರ ಮನೆಗೆ ಊಟಕ್ಕೆ ಹೋದರೂ, ಬಿಸಿಬೇಳೆಬಾತಿನ ಮೇಲೆ ಬೂಂದಿ ಬೀಳುವ ಹೊತ್ತಿಗೆ ನನ್ನ ಕಥೆ ಶುರುವಾಗುತ್ತದೆ: ಐದಕ್ಕೆ ಐದೂ ಗುರಿಹಲಗೆಗೇ ಬಿದ್ದವು! ಇದು ನಿಜ. ಹಲಗೆ ಪಕ್ಕದವನದು ಎನ್ನುವುದನ್ನು ಮಾತ್ರ ಹೇಳುವುದಿಲ್ಲ, ಅಷ್ಟೆ.

ಒಂದು ಶನಿವಾರ ಯಾರೋ ಪುಣ್ಯಾತ್ಮರು, "ಟೆಕ್ಸಾಸ್‌ನಲ್ಲಿದ್ದೀರಿ, ಸಿಟಿಜನ್ನೂ ಆಗಿದ್ದೀರಿ. ಒಂದು ರೈಫಲ್ ತಗೊಂಡು ನಮಗೂ ತೋರಿಸಿ ಸಾರ್" ಅಂದುಬಿಟ್ಟರು. ನನ್ನಾಕೆ ಹಪ್ಪಳ ಮುರಿಯುತ್ತಾ ನನ್ನ ಮುಖ ನೋಡಿದಳು. ಸಿಕ್ಕಿಬಿದ್ದೆ.

ಎರಡು ತಿಂಗಳು ಎಕ್ಸೆಲ್ ಹಾಳೆ ತುಂಬಿಸಿದೆ. ಬೇಕಾದದ್ದು ಗುರಿ ಅಭ್ಯಾಸಕ್ಕೊಂದು ಅಗ್ಗದ ರಿಮ್‌ಫೈರ್. ಊಟದ ಮೇಜಿನ ಮೇಲೆ ಪಾಠವೂ ಮಾಡಿದೆ: "ನೋಡು, .22 ಲಾಂಗ್ ರೈಫಲ್ ಗುಂಡು 1887ರಿಂದ ಇದೆ. ಕಿಡಿ ಹೊತ್ತಿಸುವ ಮದ್ದು ತೋಟಾದ ತಳದ ಅಂಚಿನಲ್ಲಿರುತ್ತೆ, ಸೂಜಿ ಆ ಅಂಚಿಗೇ ಬಡಿಯುತ್ತೆ. ಸೀಸ ಎರಡೂವರೆ ಗ್ರಾಮಿನಷ್ಟು. ಹೆಗಲಿಗೆ ಒದೆತವೇ ಇಲ್ಲ ಅನ್ನಬಹುದು."

"ಒದೆಯಲ್ಲ ತಾನೆ? ಹಾಗಾದ್ರೆ ನಿಮಗೆ ಸರಿಹೋಗುತ್ತೆ ಬಿಡಿ" ಅಂದಳು.

ಕೊನೆಯ ಸುತ್ತಿಗೆ ಬಂದವು ನಾಲ್ಕು. 1964ರಿಂದ ಬರುತ್ತಿರುವ ರೂಗರ್ 10/22: ಒಳಗೇ ಅಡಗಿ ಕೂರುವ ಹತ್ತು ಗುಂಡಿನ ಸುತ್ತು ಮ್ಯಾಗಜಿನ್, ಬಿಡಿಭಾಗಕ್ಕೆ ಬರವಿಲ್ಲ. 1960ರ ಮಾರ್ಲಿನ್ 60: ನಳಿಗೆಯ ಕೆಳಗಿನ ಕೊಳವೆಯೊಳಕ್ಕೆ ಗುಂಡುಗಳನ್ನು ಒಂದೊಂದಾಗಿ ಜಾರಿಸಬೇಕು. ಇವುಗಳಿಗಿಂತ ಜೇಬಿಗೆ ಹಗುರವಾದ ಸ್ಯಾವೇಜ್ 64. ಇನ್ನೂ ಹಗುರ, ಬ್ರೆಜಿಲಿನ ರೊಸ್ಸಿ. ವರ ನೋಡುವಾಗ ನನ್ನ ಮಾವನವರು ಇದರ ಅರ್ಧದಷ್ಟು ವಿಚಾರಿಸಿದ್ದರೂ ಅವರ ಮಗಳು ಇವತ್ತು ಬೇರೆಲ್ಲೋ ಸುಖವಾಗಿರುತ್ತಿದ್ದಳು. ಇದು ಅವಳದೇ ಮಾತು.

ಅಷ್ಟರಲ್ಲಿ ಮೈಸೂರಿನಿಂದ ಅಮ್ಮನ ವಿಡಿಯೊ ಕಾಲ್. "ಅದೇನೋ ಸೆಮಿ ಆಟೊಮ್ಯಾಟಿಕ್ ತಗೋತಿದ್ದೀಯಂತೆ? ಬೇಡ ಕಣೋ. ನಾನು ಹನ್ನೆರಡು ವರ್ಷ ಪಾಡು ಪಟ್ಟಿದ್ದೀನಿ. ಒಗೆಯೋದು ಒಂದು ಕಡೆ, ಹಿಂಡೋದು ಇನ್ನೊಂದು ಕಡೆ. ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ, ಫುಲ್ ಆಟೊಮ್ಯಾಟಿಕ್ಕೇ ತಗೋ!"

ಅಮ್ಮಾ, ಇದು ಒಂದು ಸಲ ಒತ್ತಿದರೆ ಒಂದೇ ಗುಂಡು, ಮುಂದಿನದು ತಾನಾಗಿ ಬಂದು ಕೂರುತ್ತೆ ಅಷ್ಟೆ. 1986ರ ಕಾನೂನು ಬಂದಮೇಲೆ ಇಲ್ಲಿ ಹೊಸ ಫುಲ್ ಆಟೊಮ್ಯಾಟಿಕ್ ಕೊಳ್ಳಹೋದರೆ ನಿನ್ನ ಮಗ ಜೈಲಿನಲ್ಲಿ ಬಟ್ಟೆ ಒಗೆಯಬೇಕಾಗುತ್ತೆ ಅಂದೆ. "ಅಲ್ಲಾದರೂ ಒಗಿ" ಅಂದಳು.

ಕೊನೆಗೆ ಆರಿಸಿದ್ದು ರೂಗರ್. ಅಂಗಡಿಯಲ್ಲಿ 4473 ಎಂಬ ಫಾರಂ ತುಂಬಿಸಿದೆ. ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿದ ನನ್ನ ಪೂರ್ತಿ ಹೆಸರು ಆ ಚೌಕದಲ್ಲಿ ಹಿಡಿಸದೆ ಅಂಚಿಗೆ ಹರಿಯಿತು. ಎಫ್‌ಬಿಐ ತಪಾಸಣೆ ಕೆಲವೇ ನಿಮಿಷದಲ್ಲಿ ಮುಗಿಯಿತು. "ಎಫ್‌ಬಿಐನವರಿಗೂ ನನ್ನ ಬಗ್ಗೆ ತಕರಾರಿಲ್ಲ!" ಎಂದು ಮನೆಗೆ ಬಂದು ಎದೆಯುಬ್ಬಿಸಿದೆ.

"ಅವರಿಗೇನು, ನಿಮ್ಮ ಜೊತೆ ಸಂಸಾರ ಮಾಡಿದ್ದಾರಾ?"

ರೇಂಜಿಗೆ ಹೋದ ದಿನ ಸಿನಿಮಾ ಹೀರೊ ಥರ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿಕೊಂಡಿದ್ದೆ. ಎಡಗಡೆ ಸಾಲಿನಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಣ್ಣ ಮಾಸಿದ ಮಾರ್ಲಿನ್ ಹಿಡಿದು ಕೂತಿದ್ದರು. ಸೆಮಿ ಆಟೊಮ್ಯಾಟಿಕ್ಕಿನ ಖಾಲಿ ತೋಟಾ ಬಲಕ್ಕೆ ಹಾರುತ್ತದೆ ಎಂದು ನನ್ನ ಎಕ್ಸೆಲ್ ಹಾಳೆಯಲ್ಲೇ ಬರೆದಿತ್ತು. ಅಜ್ಜಿಯ ಬಲಕ್ಕೆ ನಾನು ಕೂತಿದ್ದೇನೆ ಎಂದು ಬರೆದಿರಲಿಲ್ಲ. ಅವರ ಮೊದಲ ತೋಟಾ, ಒಗ್ಗರಣೆಯಿಂದ ಸಿಡಿದ ಸಾಸಿವೆಯಂತೆ ಬಂದು ನೆಟ್ಟಗೆ ನನ್ನ ಅಂಗಿಯೊಳಗಿಳಿಯಿತು. ಏನೇ ಆದರೂ ಬಂದೂಕಿನ ಮೂತಿ ಗುರಿಯತ್ತಲೇ ಇರಬೇಕು, ಬೆರಳು ಟ್ರಿಗರಿನಿಂದಾಚೆ ಇರಬೇಕು ಎಂಬುದು ನಿಯಮ. ಹಾಗಾಗಿ ಸೊಂಟದಿಂದ ಮೇಲೆ ಬೇಲೂರಿನ ಶಿಲ್ಪ, ಕೆಳಗೆ ಯಕ್ಷಗಾನ. ಗಾಜಿನಾಚೆ ಕೂತ ನನ್ನಾಕೆ ಮೊಬೈಲ್ ಎತ್ತಿದ್ದು ಕಣ್ಣಂಚಿಗೆ ಕಂಡಿತು.

ಆಮೇಲೆ ಐವತ್ತು ಗಜಕ್ಕೆ ಹತ್ತು ಹೊಡೆದೆ. ಕಾಗದದಲ್ಲಿ ತೂತು ನಾಲ್ಕು, ಅವೂ ಒಬ್ಬರ ಮುಖ ಒಬ್ಬರು ನೋಡದ ದಾಯಾದಿಗಳಂತೆ ನಾಲ್ಕು ಮೂಲೆಗೆ. .22ರ ನಳಿಗೆಗಳಿಗೆ ಒಂದೊಂದಕ್ಕೂ ಒಂದೊಂದು ಬ್ರ್ಯಾಂಡಿನ ಗುಂಡು ಒಗ್ಗುತ್ತದೆ ಎಂದು ಓದಿದ್ದೆನಲ್ಲ, ಅದೇ ಆಸರೆಯಾಯಿತು. ಮುಂದಿನ ವಾರ ನಾಲ್ಕು ಬ್ರ್ಯಾಂಡ್ ತಂದೆ. ಅದರ ಮುಂದಿನ ವಾರ ದುರ್ಬೀನು ಕೂರಿಸಿದೆ. ತೂತುಗಳ ಮನಸ್ತಾಪ ತೀರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲಕ್ಕೆ ಟೈಲ್ಸ್ ಹಾಕಿಸಿಯೇ ಬಿಟ್ಟಿದ್ದೆ.

ಕೊನೆಗೆ ಅಜ್ಜಿಯನ್ನೇ ಕೇಳಿದೆ, ಯಾವ ಗುಂಡು ಬಳಸ್ತೀರಿ?

"ಯಾವುದು ಅಗ್ಗವೋ ಅದು. ಆದರೆ ವಾರಕ್ಕೊಂದು ದಿನ ತಪ್ಪಿಸಲ್ಲಪ್ಪ" ಎಂದವರೇ ನನ್ನ ರೈಫಲ್ ಇಸಿದುಕೊಂಡು ನಿಧಾನಕ್ಕೆ ಐದು ಹೊಡೆದರು. ಐದೂ ತೂತನ್ನು ಒಂದು ಕ್ವಾರ್ಟರ್ ನಾಣ್ಯ ಮುಚ್ಚುತ್ತಿತ್ತು. "ಬಂದೂಕು ಚೆನ್ನಾಗಿದೆ" ಎಂದು ವಾಪಸು ಕೊಟ್ಟು, ಆ ಕಾಗದವನ್ನೂ ಕೈಗಿಟ್ಟರು. 'ಬಂದೂಕು' ಎನ್ನುವುದನ್ನು ಅಷ್ಟು ಒತ್ತಿ ಹೇಳಬೇಕಿರಲಿಲ್ಲ.

ಆಯುಧಪೂಜೆಗೆ ಮನೆ ತುಂಬ ಜನ. ಹೊಲಿಗೆ ಮೆಷೀನು, ಇಳಿಗೆಮಣೆ, ಮಗನ ಲ್ಯಾಪ್‌ಟಾಪುಗಳ ಸಾಲಿನಲ್ಲಿ ಗುಂಡಿಲ್ಲದ, ಟ್ರಿಗರಿಗೆ ಬೀಗ ಹಾಕಿದ ರೈಫಲ್ಲಿಗೂ ಕುಂಕುಮ ಬಿತ್ತು. ಫ್ರಿಜ್ಜಿನ ಬಾಗಿಲಿನಲ್ಲಿ ಅಜ್ಜಿಯ ಕಾಗದ. "ಇದು ನಮ್ಮನೆಯವರ ಬಂದೂಕಲ್ಲಿ ಹೊಡೆದದ್ದು" ಎಂದು ನನ್ನಾಕೆ ಎಲ್ಲರಿಗೂ ತೋರಿಸಿದಳು. ಪ್ರತಿ ಅಕ್ಷರವೂ ನಿಜ. ನನ್ನಿಂದಲೇ ಕಲಿತ ವಿದ್ಯೆ. ನಾನು ವಿನಯದಿಂದ ತಲೆ ತಗ್ಗಿಸಿದೆ.

ನೀವೂ ಒಂದು ಕೊಳ್ಳುವ ಯೋಚನೆಯಲ್ಲಿದ್ದರೆ ಎಕ್ಸೆಲ್ ಹಾಳೆ ಮಡಚಿಡಿ. ಅಗ್ಗದ್ದೇ ಸಾಕು, ಉಳಿದ ದುಡ್ಡನ್ನು ಗುಂಡಿಗೆ ಎತ್ತಿಡಿ. ಸೆಮಿ ಆಟೊಮ್ಯಾಟಿಕ್ ಎಂದರೆ ಅರ್ಧ ಕೆಲಸ ಅದರದು, ಅರ್ಧ ನಮ್ಮದು. ಅದು ತನ್ನ ಪಾಲಿನದನ್ನು ಮಾಡುತ್ತಿದೆ, ನನಗೇನೂ ದೂರಿಲ್ಲ. ಮತ್ತೆ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಹೋಗಿ.